ಕವಲುದಾರಿಯ ಕೈಮರ

ಪದವಿ ಪರೀಕ್ಷೆಯ ಫಲಿತಾಂಶ ಹೊರಬಿದ್ದ ವಾರದಲ್ಲಿ ಮಧ್ಯಮ ವರ್ಗದ ಮನೆಗಳಲ್ಲಿ ನಡೆಯುವಷ್ಟು ಮಂತ್ರಾಲೋಚನೆ ಬಹುಶಃ ಯಾವ ರಾಜಸಭೆಯಲ್ಲಿಯೂ ನಡೆದಿರಲಾರದು. ತಂದೆಗೆ ಒಂದು ಅಭಿಪ್ರಾಯ, ತಾಯಿಗೆ ಒಂದು ಆಸೆ, ಸೋದರಮಾವನಿಗೆ ಮೂರನೆಯದೊಂದು ಖಚಿತವಾದ ನಿಲುವು. ನೆರೆಮನೆಯ ನಿವೃತ್ತ ಶಿರಸ್ತೇದಾರರೂ ಒಂದು ಮಾತು ಹೇಳದೆ ಹೋಗುವವರಲ್ಲ. ಎಲ್ಲರೂ ಮಾತನಾಡಿ ಮುಗಿಸಿದ ಮೇಲೆ, ಯಾರ ಬದುಕಿನ ವಿಷಯವಾಗಿ ಇಷ್ಟೆಲ್ಲ ಚರ್ಚೆ ನಡೆಯಿತೋ ಆ ಹುಡುಗನೋ ಹುಡುಗಿಯೋ ಮೂಲೆಯಲ್ಲಿ ಮೌನವಾಗಿ ಕುಳಿತಿರುವುದು ಎಲ್ಲರಿಗೂ ನೆನಪಾಗುತ್ತದೆ. ಸಲಹೆಗೆ ಅಲ್ಲಿ ಕೊರತೆಯಿರುವುದಿಲ್ಲ. ಕೊರತೆಯಿರುವುದು ದಾರಿ ಬಲ್ಲವನೊಬ್ಬನದು. ತನ್ನ ಆಸೆಯನ್ನು ಬದಿಗಿರಿಸಿ, ಎದುರಿಗಿರುವ ತರುಣನ ಶಕ್ತಿಯನ್ನು ಮಾತ್ರ ನೋಡಿ ಮಾತನಾಡಬಲ್ಲ ಹಿರಿಯನೊಬ್ಬನದು.

ಅಂಥ ಹಿರಿಯನನ್ನು ಇಂದಿನ ಕಾಲೇಜುಗಳಲ್ಲಿ ‘ಮೆಂಟರ್’ ಎಂದು ಕರೆಯುವ ರೂಢಿ ಬಂದಿದೆ. ಪದ ಹೊಸದಾಗಿ ಕೇಳಿಸಿದರೂ ಅದರ ಹುಟ್ಟು ಬಹು ಹಿಂದಿನದು. ಗ್ರೀಕ್ ಮಹಾಕವಿ ಹೋಮರನ ‘ಒಡಿಸ್ಸಿ’ಯಲ್ಲಿ ಮೆಂಟರ್ ಎಂಬುವನು ನಾಯಕ ಒಡಿಸ್ಯೂಸನ ಗೆಳೆಯ. ತಂದೆ ಯುದ್ಧಕ್ಕೆ ಹೋಗಿ ವರ್ಷಗಟ್ಟಲೆ ಮರಳದಿದ್ದಾಗ, ದಿಕ್ಕುಗಾಣದ ಮಗ ಟೆಲಿಮಾಕಸನಿಗೆ ವಿವೇಕದ ಅಧಿದೇವತೆಯಾದ ಅಥೀನೆಯು ಈ ಮೆಂಟರನ ರೂಪದಲ್ಲಿಯೇ ಬಂದು ಧೈರ್ಯ ಹೇಳುತ್ತಾಳೆ. 1699ರಲ್ಲಿ ಫ್ರಾನ್ಸಿನ ಫೆನೆಲೋನ್ ಈ ಕಥೆಯನ್ನು ಎತ್ತಿಕೊಂಡು ಗ್ರಂಥವೊಂದನ್ನು ಬರೆದ ಮೇಲೆ ಆ ವ್ಯಕ್ತಿಯ ಹೆಸರು ಯೂರೋಪಿನ ಭಾಷೆಗಳಲ್ಲಿ ಸಾಮಾನ್ಯ ನಾಮವಾಗಿ ಬಳಕೆಗೆ ಬಂದಿತು. ನಮ್ಮಲ್ಲಿ ಗುರು ಎಂಬ ಶಬ್ದವಿದೆ; ಆದರೆ ಗುರುವಿನ ಮುಂದೆ ಶಿಷ್ಯನು ತಲೆಬಾಗಿ ನಿಲ್ಲಬೇಕು. ಮಾರ್ಗದರ್ಶಿ ಕವಲುದಾರಿಯ ಕೈಮರದಂತೆ. ಇದು ಇಂಥ ಊರಿಗೆ, ಅದು ಅಂಥ ಊರಿಗೆ ಎಂದು ತೋರಿಸುವುದಷ್ಟೇ ಅವನ ಕೆಲಸ. ನಡೆಯಬೇಕಾದವನು ಪಯಣಿಗನೇ.

ಗದಗಿನ ಮಣ್ಣಿನ ಇಬ್ಬರು

ಗದಗಿನ ಸೀಮೆಯ ಸೊರಟೂರಿನ ಹೆಸರನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಕ್ರಿ.ಶ. 1190ರ ಸುಮಾರಿಗೆ ಹೊಯ್ಸಳ ವೀರಬಲ್ಲಾಳನು ದೇವಗಿರಿಯ ಸೇವುಣರ ಭಿಲ್ಲಮನ ಸೈನ್ಯವನ್ನು ಎದುರಿಸಿ ಸೋಲಿಸಿದ ರಣರಂಗವದು. ಆದರೆ ಗ್ರಂಥದಲ್ಲಿ ಊರಿನ ಹೆಸರು ಇದ್ದ ಮಾತ್ರಕ್ಕೆ ಆ ಊರಿನ ಹುಡುಗನಿಗೆ ವಿಶ್ವವಿದ್ಯಾಲಯದ ದಾರಿ ಸುಲಭವಾಗುವುದಿಲ್ಲ. ಎರೆಹೊಲದ ಬೇಸಾಯದ ಮನೆತನದಿಂದ ಮೊದಲ ಬಾರಿಗೆ ಗದಗಿನ ಕಾಲೇಜಿಗೋ ಧಾರವಾಡದ ವಿಶ್ವವಿದ್ಯಾಲಯಕ್ಕೋ ಕಾಲಿರಿಸುವ ತರುಣನಿಗೆ, ಮುಂದೇನು ಎಂದು ಕೇಳಲು ಮನೆಯಲ್ಲಿ ಯಾರಿದ್ದಾರೆ? ಅವನ ತಂದೆ ಹತ್ತಿಯ ಧಾರಣೆಯನ್ನು ಹೇಳಬಲ್ಲನು. ಸ್ನಾತಕೋತ್ತರ ಪದವಿಯ ಬೆಲೆಯನ್ನು ಹೇಳಲಾರನು. ಇದು ತಂದೆಯ ತಪ್ಪಲ್ಲ. ಅವನು ನಡೆಯದ ದಾರಿಯನ್ನು ಅವನು ಹೇಗೆ ತೋರಿಸಿಯಾನು?

ಇದೇ ಗದಗಿನ ನೆಲದಲ್ಲಿ ಹುಟ್ಟಿದ ಇಬ್ಬರು, ಸುಮಾರು ಅರುವತ್ತು ವರ್ಷಗಳ ಹಿಂದೆ ಒಬ್ಬ ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ದಾರಿ ತೋರಿದ ಕಥೆ ಕನ್ನಡಿಗರು ತಿಳಿದಿರಬೇಕಾದುದು. ಒಬ್ಬರು ಗದಗಿನ ಸನಿಹದ ಹೊಂಬಳದಲ್ಲಿ 1904ರಲ್ಲಿ ಹುಟ್ಟಿದ ಜಿ. ಬಿ. ಜೋಶಿ, ‘ಜಡಭರತ’ ಎಂಬ ಕಾವ್ಯನಾಮದಿಂದ ನಾಟಕಗಳನ್ನು ರಚಿಸಿದವರು. ಇನ್ನೊಬ್ಬರು ಗದಗಿನಲ್ಲಿಯೇ 1928ರಲ್ಲಿ ಹುಟ್ಟಿದ ವಿಮರ್ಶಕ ಕೀರ್ತಿನಾಥ ಕುರ್ತಕೋಟಿ. ದಾರಿ ಕೇಳಿದ ವಿದ್ಯಾರ್ಥಿಯಾದರೋ ಗಿರೀಶ ಕಾರ್ನಾಡ.

ಗಣಿತದ ವಿದ್ಯಾರ್ಥಿಯ ಕನಸು

1938ರ ಮೇ 19ರಂದು ಮಾಥೇರಾನಿನಲ್ಲಿ ಜನಿಸಿದ ಕಾರ್ನಾಡರು ವೈದ್ಯರಾದ ತಂದೆಯ ನೌಕರಿಯ ನಿಮಿತ್ತ ಬಾಲ್ಯವನ್ನು ಶಿರಸಿಯಲ್ಲಿ ಕಳೆದರು. ಅಲ್ಲಿ ಯಕ್ಷಗಾನ, ಕಂಪನಿ ನಾಟಕಗಳ ರುಚಿ ಹತ್ತಿತು. ಹದಿನಾಲ್ಕನೆಯ ವಯಸ್ಸಿನ ವೇಳೆಗೆ ಕುಟುಂಬ ಧಾರವಾಡದಲ್ಲಿ ನೆಲಸಿತು. 1917ರಲ್ಲಿ ಸ್ಥಾಪಿತವಾದ ಕರ್ನಾಟಕ ಕಾಲೇಜಿನಲ್ಲಿ ಅವರು ಆರಿಸಿಕೊಂಡ ವಿಷಯಗಳು ಗಣಿತ ಮತ್ತು ಸಂಖ್ಯಾಶಾಸ್ತ್ರ. ಸಾಹಿತ್ಯದ ಹುಚ್ಚು ಹಿಡಿದವನು ಗಣಿತವನ್ನು ಏಕೆ ಆರಿಸಿಕೊಂಡನೆಂಬ ಪ್ರಶ್ನೆಗೆ ಉತ್ತರ ಸರಳವಾದುದು. ಪರದೇಶಕ್ಕೆ ಹೋಗಬೇಕು, ಅದಕ್ಕೆ ವಿದ್ಯಾರ್ಥಿವೇತನ ಬೇಕು, ವಿದ್ಯಾರ್ಥಿವೇತನಕ್ಕೆ ಪ್ರಥಮ ದರ್ಜೆ ಬೇಕು, ಪ್ರಥಮ ದರ್ಜೆಯ ಅಂಕಗಳು ಗಣಿತದಲ್ಲಿ ದೊರೆಯುವಷ್ಟು ಸುಲಭವಾಗಿ ಸಾಹಿತ್ಯದಲ್ಲಿ ದೊರೆಯುವುದಿಲ್ಲ. ಇಂದಿಗೂ ಎಷ್ಟು ಮನೆಗಳಲ್ಲಿ ವಿಷಯದ ಆಯ್ಕೆ ಹೀಗೆಯೇ ನಡೆಯುತ್ತಿಲ್ಲ! ಲೆಕ್ಕವೇನೋ ತಪ್ಪಲಿಲ್ಲ. 1958ರಲ್ಲಿ ಅವರು ಪದವೀಧರರಾದರು. ಸ್ನಾತಕೋತ್ತರ ಅಧ್ಯಯನಕ್ಕಾಗಿ ಮುಂಬಯಿಗೆ ತೆರಳಿದಾಗ ಇಬ್ರಾಹಿಂ ಅಲ್ಕಾಜಿಯವರು ಆಡಿಸಿದ ಸ್ಟ್ರಿಂಡ್‌ಬರ್ಗನ ‘ಮಿಸ್ ಜೂಲಿ’ ನಾಟಕವನ್ನು ನೋಡಿ, ರಂಗಭೂಮಿಗೆ ಇಂಥದೊಂದು ಶಕ್ತಿಯೂ ಉಂಟೆ ಎಂದು ಬೆರಗಾದರು.

ಆದರೆ ಆ ತರುಣನ ಕನಸು ನಾಟಕಕಾರನಾಗುವುದಲ್ಲ. ಇಂಗ್ಲೆಂಡಿನಲ್ಲಿದ್ದು ಇಂಗ್ಲಿಷಿನಲ್ಲಿ ಕವಿತೆ ಬರೆದು ಕೀರ್ತಿ ಗಳಿಸುವುದು. ಹದಿನೇಳರ ಪ್ರಾಯದಲ್ಲಿ ಪ್ರಸಿದ್ಧರ ರೇಖಾಚಿತ್ರ ಬರೆದು ಅವರ ಹಸ್ತಾಕ್ಷರಕ್ಕಾಗಿ ಕಳುಹಿಸುವ ಹವ್ಯಾಸ ಅವರಿಗಿತ್ತು. ಹಾಗೆ ಐರ್ಲೆಂಡಿನ ನಾಟಕಕಾರ ಷಾನ್ ಓಕೇಸಿಯವರಿಗೂ ಚಿತ್ರವೊಂದು ಹೋಯಿತು. ಬಂದ ಉತ್ತರದಲ್ಲಿ ಹಸ್ತಾಕ್ಷರಕ್ಕಿಂತ ಬೆಲೆಯುಳ್ಳ ಬುದ್ಧಿವಾದವಿತ್ತು. ಇತರರ ಹಸ್ತಾಕ್ಷರ ಸಂಗ್ರಹಿಸುತ್ತ ಹೊತ್ತು ಕಳೆಯುವುದರ ಬದಲು, ಜನ ನಿನ್ನ ಹಸ್ತಾಕ್ಷರವನ್ನು ಕೇಳಿ ಬರುವಂಥ ಕೆಲಸವನ್ನು ನೀನೇ ಮಾಡು ಎಂಬುದು ಆ ಮಾತಿನ ಸಾರ. ಒಂದು ಅಂಚೆಯ ಕಾಗದವೂ ಒಮ್ಮೊಮ್ಮೆ ಮಾರ್ಗದರ್ಶಿಯಾಗಬಲ್ಲದು.

ಹಡಗಿನಲ್ಲಿ ಬರೆದ ನಾಟಕ

1960ರಲ್ಲಿ ರೋಡ್ಸ್ ವಿದ್ಯಾರ್ಥಿವೇತನ ದೊರೆಯಿತು. ಆಕ್ಸ್‌ಫರ್ಡಿಗೆ ಹೊರಡುವ ಸಿದ್ಧತೆ ನಡೆಯಿತು. ಸಂತೋಷದ ಜೊತೆಯಲ್ಲಿಯೇ ಮನೆಯಲ್ಲಿ ಆತಂಕವೂ ಮೂಡಿತು. ಹೋದವನು ಮರಳಿ ಬರುವನೆ? ಅಲ್ಲಿಯೇ ನಿಂತುಬಿಟ್ಟರೆ ಗತಿಯೇನು? ಹಡಗು ಹತ್ತುವ ಮಕ್ಕಳ ತಂದೆತಾಯಿಗಳಿಗೆ ಆ ಕಾಲದಲ್ಲಿ ಇದ್ದ ಭಯವೇ ವಿಮಾನ ಹತ್ತುವ ಮಕ್ಕಳ ತಂದೆತಾಯಿಗಳಿಗೆ ಇಂದೂ ಇದೆ. ಇತ್ತ ಹೆತ್ತವರ ಪ್ರೀತಿ, ಅತ್ತ ತನ್ನ ಭವಿಷ್ಯ. ಇಪ್ಪತ್ತೆರಡರ ತರುಣನ ಮನಸ್ಸು ತೂಗುಯ್ಯಾಲೆಯಾಯಿತು.

ಆ ತಳಮಳದಲ್ಲಿ ರಾಜಾಜಿಯವರ ಮಹಾಭಾರತವನ್ನು ಓದುತ್ತಿದ್ದಾಗ ಯಯಾತಿಯ ಕಥೆ ಅವರನ್ನು ಹಿಡಿದು ನಿಲ್ಲಿಸಿತು. ಶುಕ್ರಾಚಾರ್ಯರ ಶಾಪದಿಂದ ಅಕಾಲದಲ್ಲಿ ಮುಪ್ಪಿಗೆ ಈಡಾದ ದೊರೆ ತನ್ನ ಮಕ್ಕಳನ್ನು ಯೌವನಕ್ಕಾಗಿ ಬೇಡುತ್ತಾನೆ. ಕಿರಿಯವನಾದ ಪೂರು ತಂದೆಯ ಮುಪ್ಪನ್ನು ತಾನು ಹೊತ್ತು ತನ್ನ ಯೌವನವನ್ನು ಧಾರೆಯೆರೆಯುತ್ತಾನೆ. ಪುರಾಣವು ಈ ತ್ಯಾಗವನ್ನು ಕೊಂಡಾಡುತ್ತದೆ. ಪರದೇಶಕ್ಕೆ ಹೊರಟು ನಿಂತ ವಿದ್ಯಾರ್ಥಿಗಾದರೋ ಅದರಲ್ಲಿ ಬೇರೊಂದು ಪ್ರಶ್ನೆ ಕಾಣಿಸಿತು: ಹಿರಿಯರ ಸುಖಕ್ಕಾಗಿ ಕಿರಿಯರು ತಮ್ಮ ನಾಳೆಯನ್ನು ಒಪ್ಪಿಸಬೇಕೆ? ನಾಟಕವನ್ನು ಬರೆಯತೊಡಗಿದಾಗ ಅವರಿಗೆ ಆದ ಅಚ್ಚರಿಯೆಂದರೆ, ಪಾತ್ರಗಳು ಇಂಗ್ಲಿಷಿನಲ್ಲಿ ಮಾತನಾಡಲಿಲ್ಲ, ಕನ್ನಡದಲ್ಲಿ ಮಾತನಾಡಿದವು. ಮನೆಯ ಮಾತು ಕೊಂಕಣಿ, ಕನಸಿನ ಭಾಷೆ ಇಂಗ್ಲಿಷ್. ಸಂಕಟದ ವೇಳೆಗೆ ಒದಗಿಬಂದುದು ಕನ್ನಡ. ಮೂರು ವಾರಗಳ ಕಡಲ ಪಯಣದಲ್ಲಿಯೂ ಆಕ್ಸ್‌ಫರ್ಡಿನ ಏಕಾಂತದಲ್ಲಿಯೂ ತಿದ್ದಿ ತೀಡಿ ‘ಯಯಾತಿ’ ಪೂರ್ಣವಾಯಿತು.

ಬರೆದುದಾಯಿತು. ಆದರೆ ಹೆಸರಿಲ್ಲದ ವಿದ್ಯಾರ್ಥಿಯೊಬ್ಬನ ಮೊದಲ ನಾಟಕವನ್ನು ಕೇಳುವವರಾರು?

ಅಟ್ಟದ ಮೇಲಿನ ಪಾಠಶಾಲೆ

ಕೇಳುವವರೊಬ್ಬರು ಧಾರವಾಡದಲ್ಲಿದ್ದರು. ಜಿ. ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದ್ದರು. ಸುಭಾಷ್ ರಸ್ತೆಯ ಕಟ್ಟಡವೊಂದರಲ್ಲಿ ಮೆಟ್ಟಿಲೇರಿ ಹೋಗಬೇಕಾದ ಅದರ ಕಾರ್ಯಾಲಯ ಕನ್ನಡ ಸಾಹಿತ್ಯಲೋಕದಲ್ಲಿ ‘ಅಟ್ಟ’ ಎಂದೇ ಪ್ರಸಿದ್ಧವಾಯಿತು. ಬೇಂದ್ರೆಯಂಥ ಹಿರಿಯರಿಂದ ಮೊದಲುಗೊಂಡು ಮೀಸೆ ಚಿಗುರದ ಕಾಲೇಜು ಹುಡುಗರವರೆಗೆ ಯಾರು ಬೇಕಾದರೂ ಆ ಮೆಟ್ಟಿಲನ್ನು ಹತ್ತಬಹುದಾಗಿತ್ತು. ಹಾಜರಿ ಪುಸ್ತಕವಿಲ್ಲ, ಪರೀಕ್ಷೆಯಿಲ್ಲ. ಮಾತು, ಓದು, ವಾದ, ನಗೆ ಇವೇ ಅಲ್ಲಿಯ ಪಠ್ಯಕ್ರಮ. ವಿಶ್ವವಿದ್ಯಾಲಯದ ಹೊರಗಿನ ಇಂಥ ಸ್ಥಳಗಳು ಒಂದೂರಿನ ತರುಣರಿಗೆ ಮಾಡುವ ಉಪಕಾರ ಯಾವ ವರದಿಯಲ್ಲಿಯೂ ದಾಖಲಾಗುವುದಿಲ್ಲ.

ಗ್ರಂಥಮಾಲೆ ಶ್ರೀಮಂತರ ಉದ್ಯಮವಾಗಿರಲಿಲ್ಲ. ಚಂದಾದಾರರ ವಿಶ್ವಾಸದ ಮೇಲೆ ನಡೆಯುವ ಸಂಸ್ಥೆ. ಅಲ್ಲಿ ಅಚ್ಚಾಗುವ ಒಂದೊಂದು ಪುಸ್ತಕಕ್ಕೂ ಓದುಗರ ಮುಂದೆ ಉತ್ತರ ಹೇಳಬೇಕಾದವರು ಜೋಶಿಯವರೇ. ಹೀಗಿದ್ದರೂ ಇಪ್ಪತ್ತಮೂರು ವರ್ಷದ, ಅದುವರೆಗೆ ಒಂದು ಪುಸ್ತಕವನ್ನೂ ಪ್ರಕಟಿಸಿರದ, ಕಡಲಾಚೆಯಲ್ಲಿದ್ದ ವಿದ್ಯಾರ್ಥಿಯ ನಾಟಕವನ್ನು ಅವರು ಸ್ವೀಕರಿಸಿದರು. 1961ರಲ್ಲಿ ‘ಯಯಾತಿ’ ಬೆಳಕು ಕಂಡಿತು.

ಇದರಲ್ಲಿ ಜೋಶಿಯವರು ಮಾಡಿದುದೇನು ಎಂಬುದನ್ನು ಬಿಡಿಸಿ ನೋಡಬೇಕು. ಅವರು ತರುಣನಿಗೆ ನೌಕರಿ ಕೊಡಿಸಲಿಲ್ಲ. ಇಂಥ ಕೆಲಸಕ್ಕೆ ಸೇರು, ಇಂಥದನ್ನು ಬಿಡು ಎಂದು ಅಪ್ಪಣೆ ಮಾಡಲಿಲ್ಲ. ಅವನ ಶಕ್ತಿ ಎಲ್ಲಿದೆ ಎಂಬುದನ್ನು ಅವನಿಗಿಂತ ಮೊದಲು ಕಂಡರು. ಕಂಡುದನ್ನು ಬಾಯಿಮಾತಿನ ಹೊಗಳಿಕೆಯಲ್ಲಿ ಮುಗಿಸದೆ, ತಮ್ಮ ಹಣವನ್ನೂ ಹೆಸರನ್ನೂ ಅದರ ಮೇಲೆ ಹೂಡಿದರು. ‘ನೀನು ಬರೆಯಬಲ್ಲೆ’ ಎಂಬ ನೂರು ಮಾತುಗಳಿಗಿಂತ ಅಚ್ಚಾದ ಒಂದು ಪುಸ್ತಕ ಹೆಚ್ಚು ಮಾತನಾಡುತ್ತದೆ. ಇಂಗ್ಲಿಷ್ ಕವಿಯಾಗಲು ಹೊರಟವನಿಗೆ ತಾನು ಕನ್ನಡದ ನಾಟಕಕಾರನೆಂಬುದು ಹೀಗೆ ಮನವರಿಕೆಯಾಯಿತು.

ಕೊರತೆಯನ್ನು ತೋರಿಸುವ ಉಪಕಾರ

ಒಬ್ಬ ಮಾರ್ಗದರ್ಶಿ ಬೆನ್ನು ತಟ್ಟಿದರೆ ಇನ್ನೊಬ್ಬನು ಕಣ್ಣು ತೆರೆಸಬೇಕು. ಅಟ್ಟದ ಬಳಗದಲ್ಲಿ ಎರಡನೆಯ ಕೆಲಸ ಕೀರ್ತಿನಾಥ ಕುರ್ತಕೋಟಿಯವರದಾಯಿತು. ಕಾರ್ನಾಡರಿಗಿಂತ ಹತ್ತು ವರ್ಷಕ್ಕೆ ಹಿರಿಯರಾದ ಅವರು ಕನ್ನಡ ನಾಟಕವನ್ನು ಕುರಿತು ಬರೆಯುತ್ತ, ಇತಿಹಾಸದ ವಸ್ತುವನ್ನು ಬರಿಯ ವೈಭವಕ್ಕಾಗಿ ಬಳಸದೆ ಇಂದಿನ ಮನುಷ್ಯನ ಸಮಸ್ಯೆಗೆ ಕನ್ನಡಿಯಾಗಿ ಹಿಡಿಯುವ ನಾಟಕ, ಪಶ್ಚಿಮದಲ್ಲಿ ಬರ್ನಾರ್ಡ್ ಷಾ ಬರೆದಂಥದು, ಕನ್ನಡದಲ್ಲಿ ಇಲ್ಲವೆಂದು ಕೊರತೆಯನ್ನು ಎತ್ತಿ ತೋರಿಸಿದ್ದರು. ಆ ಮಾತು ಕಾರ್ನಾಡರಿಗೆ ನಾಟಿತು. ಅವರು ಭಾರತದ ಇತಿಹಾಸವನ್ನು ಮೊದಲಿನಿಂದ ಓದುತ್ತ ಹೊರಟರು. ಹದಿನಾಲ್ಕನೆಯ ಶತಮಾನಕ್ಕೆ ಬಂದಾಗ ಮಹಮ್ಮದ್ ಬಿನ್ ತುಘಲಕನ ಬಳಿ ನಿಂತರು. ಘನವಾದ ಆದರ್ಶಗಳನ್ನು ಇಟ್ಟುಕೊಂಡು ಘೋರವಾದ ವಿಫಲತೆಯನ್ನು ಕಂಡ ಆ ಸುಲ್ತಾನ, ದೆಹಲಿಯ ರಾಜಧಾನಿಯನ್ನು ಸಾಗಿಸಿದುದು ದೌಲತಾಬಾದಿಗೆ. ಅಂದರೆ ಸೊರಟೂರಿನಲ್ಲಿ ಸೋತ ಸೇವುಣರ ಅದೇ ದೇವಗಿರಿಗೆ! 1964ರಲ್ಲಿ ‘ತುಘಲಕ್’ ಪ್ರಕಟವಾದಾಗ ನಾಟಕಕಾರನ ವಯಸ್ಸು ಇಪ್ಪತ್ತಾರು. ಕೆಲವೇ ವರ್ಷಗಳಲ್ಲಿ ಆ ನಾಟಕ ಭಾರತದ ಅನ್ಯ ಭಾಷೆಗಳ ರಂಗಭೂಮಿಗಳನ್ನೂ ಏರಿತು.

ಇಲ್ಲಿಯೂ ಗಮನಿಸತಕ್ಕ ಅಂಶವೊಂದಿದೆ. ಕುರ್ತಕೋಟಿಯವರು ‘ನೀನು ತುಘಲಕನನ್ನು ಕುರಿತು ಬರೆ’ ಎಂದವರಲ್ಲ. ಎಲ್ಲಿ ಹೊಲ ಬೀಳುಬಿದ್ದಿದೆಯೆಂಬುದನ್ನು ತೋರಿಸಿದರು. ಉತ್ತು ಬಿತ್ತಿದವನು ತರುಣನೇ. ಒಳ್ಳೆಯ ಮಾರ್ಗದರ್ಶಿ ಉತ್ತರವನ್ನು ಕೊಡುವುದಿಲ್ಲ. ಯೋಗ್ಯವಾದ ಪ್ರಶ್ನೆಯನ್ನು ಕೊಡುತ್ತಾನೆ.

ಹೊಟ್ಟೆಪಾಡಿನ ಲೆಕ್ಕ

ಹಾಗಾದರೆ ಜೀವನೋಪಾಯದ ಗತಿ? ಇದನ್ನು ಕೇಳದೆ ಯಾವ ಗೃಹಸ್ಥನೂ ಇಂಥ ಕಥೆಯನ್ನು ಒಪ್ಪಲಾರನು, ಕೇಳುವುದು ನ್ಯಾಯವೇ. ಕಾರ್ನಾಡರು ಪುಸ್ತಕ ಪ್ರಕಟವಾಯಿತೆಂದು ಓದನ್ನು ತೊರೆಯಲಿಲ್ಲ. ಆಕ್ಸ್‌ಫರ್ಡಿನಲ್ಲಿ ತತ್ತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರಗಳ ವ್ಯಾಸಂಗವನ್ನು ಮುಗಿಸಿದರು. ಅಲ್ಲಿಯ ವಿದ್ಯಾರ್ಥಿಗಳ ಪ್ರಖ್ಯಾತ ಚರ್ಚಾಸಂಘವಾದ ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷರಾಗಿ ಚುನಾಯಿತರಾದರು. 1963ರಲ್ಲಿ ಸ್ವದೇಶಕ್ಕೆ ಮರಳಿ ಮದರಾಸಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ನೌಕರಿಯನ್ನು ಹಿಡಿದರು. ಏಳು ವರ್ಷಗಳ ಕಾಲ ನೌಕರಿಯೂ ನಡೆಯಿತು, ಬರವಣಿಗೆಯೂ ನಡೆಯಿತು. 1970ರಲ್ಲಿ ಬರೆಹ ಮತ್ತು ರಂಗಭೂಮಿಗಳಿಗೆ ಪೂರ್ಣಕಾಲ ಮೀಸಲಾಗುವ ಸಲುವಾಗಿ ನೌಕರಿಯನ್ನು ಬಿಟ್ಟರು. 1998ರ ಜ್ಞಾನಪೀಠ ಪ್ರಶಸ್ತಿ ಆ ನಿರ್ಧಾರಕ್ಕೆ ಕಾಲವು ಹಾಕಿದ ಮೊಹರು. 2011ರಲ್ಲಿ ತಮ್ಮ ಆತ್ಮಕಥೆ ‘ಆಡಾಡತ ಆಯುಷ್ಯ’ವನ್ನು ಪ್ರಕಟಿಸುವಾಗಲೂ, ಐವತ್ತು ವರ್ಷಗಳ ಹಿಂದೆ ತಮ್ಮನ್ನು ನಂಬಿದ ಅದೇ ಮನೋಹರ ಗ್ರಂಥಮಾಲೆಗೆ ಅದನ್ನು ಒಪ್ಪಿಸಿದರು. ಜೋಶಿಯವರು ಆ ವೇಳೆಗೆ ಇರಲಿಲ್ಲ, 1993ರಲ್ಲಿಯೇ ತೀರಿಕೊಂಡಿದ್ದರು. ಋಣವನ್ನು ಮಾತ್ರ ಶಿಷ್ಯ ಮರೆತಿರಲಿಲ್ಲ. ಕಾರ್ನಾಡರು 2019ರ ಜೂನ್ 10ರಂದು ನಿಧನರಾದರು.

ಮೈಸೂರಿನ ನಿದರ್ಶನ

ಮಾರ್ಗದರ್ಶಿ ಯಾವಾಗಲೂ ವಿಶ್ವವಿದ್ಯಾಲಯದ ಹೊರಗೇ ಸಿಗಬೇಕೆಂದಿಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಕುಪ್ಪಳಿಯ ಪುಟ್ಟಪ್ಪನವರಿಗೆ ದೊರೆತುದು ಒಳಗಿನ ಮಾರ್ಗದರ್ಶಿ. ಅವರೂ ಮೊದಲು ಬರೆದುದು ಇಂಗ್ಲಿಷಿನಲ್ಲಿ. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸರನ್ನು ಕಂಡಾಗ, ತಾಯಿನುಡಿಯಲ್ಲಿ ಬರೆಯಬಾರದೇಕೆ ಎಂಬ ಬುದ್ಧಿವಾದ ದೊರೆಯಿತು. 1927ರಲ್ಲಿ ತತ್ತ್ವಶಾಸ್ತ್ರವನ್ನು ಓದಿ ಬಿ.ಎ. ಮುಗಿಸಿದ ಮೇಲೆ ಮುಂದಿನ ಹಾದಿಯ ಪ್ರಶ್ನೆ ಎದ್ದಿತು. ಕನ್ನಡದ ಎಂ.ಎ. ತರಗತಿ ಆಗಿನ್ನೂ ಹೊಸತು. ಅದನ್ನು ಓದಿದವನಿಗೆ ಮುಂದೆ ಏನು ಕಾದಿದೆಯೆಂದು ತೋರಿಸಲು ಹಿಂದಿನ ಉದಾಹರಣೆಯೇ ಇರಲಿಲ್ಲ. ಅಧ್ಯಾಪಕ ಟಿ. ಎಸ್. ವೆಂಕಣ್ಣಯ್ಯನವರ ಪ್ರೇರಣೆಯಿಂದ ಪುಟ್ಟಪ್ಪನವರು ಅದೇ ತರಗತಿಯನ್ನು ಸೇರಿದರು. 1929ರಲ್ಲಿ ಎಂ.ಎ. ಪೂರೈಸಿ, ಆ ವರ್ಷವೇ ಅದೇ ಕಾಲೇಜಿನಲ್ಲಿ ಅಧ್ಯಾಪಕರಾದರು. 1956ರಿಂದ 1960ರವರೆಗೆ ಅದೇ ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದರು. 1939ರಲ್ಲಿ ತೀರಿಕೊಂಡ ವೆಂಕಣ್ಣಯ್ಯನವರಿಗೆ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅರ್ಪಿಸಿದ ಸಂಗತಿ ಕನ್ನಡಿಗರೆಲ್ಲರಿಗೂ ತಿಳಿದುದೇ. ಒಂದು ಸಕಾಲದ ಮಾತಿಗೆ ಇಂಥ ಗುರುದಕ್ಷಿಣೆ ಸಂದುದು ಅಪೂರ್ವ.

ಧಾರವಾಡದ ಕಥೆಗೂ ಮೈಸೂರಿನ ಕಥೆಗೂ ಹೋಲಿಕೆಯಿರುವುದು ಎಲ್ಲಿ? ಎರಡರಲ್ಲಿಯೂ ಮಾರ್ಗದರ್ಶಿಗೆ ತರುಣನಿಂದ ಆಗಬೇಕಾದುದು ಏನೂ ಇರಲಿಲ್ಲ. ಎರಡರಲ್ಲಿಯೂ ಹಿರಿಯರು ತೋರಿಸಿದುದು ಆಗ ಲಾಭದಾಯಕವೆಂದು ಜನ ನಂಬಿದ್ದ ದಾರಿಯನ್ನಲ್ಲ; ಆ ತರುಣನ ಕಾಲಿಗೆ ಒಪ್ಪುವ ದಾರಿಯನ್ನು. ಎರಡರಲ್ಲಿಯೂ ತರುಣನು ಮೊದಲೇ ಏನನ್ನೋ ಮಾಡಿ ತೋರಿಸಿದ್ದನು. ಬರಿಗೈಯಲ್ಲಿ ಬಂದು ‘ನನಗೊಂದು ದಾರಿ ಹೇಳಿರಿ’ ಎಂದವನಿಗೆ ಬ್ರಹ್ಮನೂ ದಾರಿ ಹೇಳಲಾರನು.

ಯಯಾತಿಯ ಎಚ್ಚರಿಕೆ

ಇಂದು ಕಾಲ ಬದಲಾಗಿದೆ. ಕಾಲೇಜುಗಳ ಗುಣಮಟ್ಟವನ್ನು ಅಳೆಯುವ ರಾಷ್ಟ್ರೀಯ ಮಂಡಲಿಯು, ಎಷ್ಟು ವಿದ್ಯಾರ್ಥಿಗಳಿಗೆ ಒಬ್ಬ ಮಾರ್ಗದರ್ಶಿ ಅಧ್ಯಾಪಕರಿದ್ದಾರೆಂದು ಈಚಿನ ವರ್ಷಗಳಲ್ಲಿ ಲೆಕ್ಕ ಕೇಳಿದುದುಂಟು. ಅದರಿಂದ ಪ್ರತಿ ವಿದ್ಯಾರ್ಥಿಯ ಹೆಸರಿನ ಮುಂದೆ ಅಧ್ಯಾಪಕರೊಬ್ಬರ ಹೆಸರು ಬರೆದಿಡುವ ಪದ್ಧತಿ ಬಂದಿತು. ಒಳ್ಳೆಯದೇ. ಗದಗಿನಲ್ಲಿಯೇ 2016ರ ಶಾಸನದಂತೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವೂ ತಲೆಯೆತ್ತಿದೆ. ಸೊರಟೂರಿನ ಹುಡುಗಿ ಉನ್ನತ ವಿದ್ಯೆಗಾಗಿ ಧಾರವಾಡದ ದಾರಿಯನ್ನೇ ಹಿಡಿಯಬೇಕೆಂಬ ನಿರ್ಬಂಧ ಈಗಿಲ್ಲ. ಆದರೆ ಹೆಸರನ್ನು ಪಟ್ಟಿಯಲ್ಲಿ ಬರೆದ ಮಾತ್ರಕ್ಕೆ ಮಾರ್ಗದರ್ಶನ ಹುಟ್ಟುವುದಿಲ್ಲ. ಅದಕ್ಕೆ ಎರಡೂ ಕಡೆಯಿಂದ ನಡಿಗೆ ಬೇಕು: ವಿದ್ಯಾರ್ಥಿ ಮೆಟ್ಟಿಲು ಹತ್ತಬೇಕು, ಹಿರಿಯನು ಬಾಗಿಲು ತೆರೆದಿಡಬೇಕು.

ತಂದೆತಾಯಿಗಳ ಪಾಲಿಗೂ ಇಲ್ಲಿ ಒಂದು ಮಾತಿದೆ. ಮಕ್ಕಳ ಭವಿಷ್ಯವನ್ನು ಕುರಿತು ಬುದ್ಧಿ ಹೇಳುವಾಗ ನಮ್ಮೊಳಗೆ ಯಯಾತಿ ಮಾತನಾಡುತ್ತಿದ್ದಾನೆಯೇ ಎಂದು ಒಮ್ಮೆ ಕೇಳಿಕೊಳ್ಳುವುದು ಲೇಸು. ತಾವು ಆಗಲಾರದ ವೈದ್ಯನನ್ನು ಮಗನಲ್ಲಿ, ತಾವು ಏರಲಾರದ ಹುದ್ದೆಯನ್ನು ಮಗಳಲ್ಲಿ ಕಾಣಬಯಸುವ ಹಿರಿಯನು, ಅರಿಯದೆಯೇ ಅವರ ಯೌವನವನ್ನು ತನಗಾಗಿ ಬೇಡುತ್ತಿರುತ್ತಾನೆ. ಯಯಾತಿ ತನ್ನ ಮುಪ್ಪನ್ನು ಕೊಟ್ಟು ಯೌವನವನ್ನು ಪಡೆದನು. ಮಾರ್ಗದರ್ಶಿಯಾದವನು ತನ್ನ ಅನುಭವವನ್ನು ಕೊಡುತ್ತಾನೆ. ಪ್ರತಿಯಾಗಿ ಏನನ್ನೂ ಪಡೆಯುವುದಿಲ್ಲ. ಹಿರಿತನದ ಈ ಎರಡು ಮುಖಗಳ ಅಂತರ ತಿಳಿದ ಮನೆಯಲ್ಲಿ ಮಕ್ಕಳು ತಮ್ಮ ಸಂದೇಹವನ್ನು ಬಾಯಿಬಿಟ್ಟು ಹೇಳುತ್ತಾರೆ.

ತರುಣರಾದರೋ ನೆನಪಿಡಬೇಕಾದುದು ಇಷ್ಟು: ಮಾರ್ಗದರ್ಶಿ ದೂರದ ನಗರದಲ್ಲಿಯೇ ಇರುವನೆಂದಿಲ್ಲ, ದೊಡ್ಡ ಪದವಿಯಲ್ಲಿಯೇ ಇರುವನೆಂದೂ ಇಲ್ಲ. ಅವನು ಕಾಲೇಜಿನ ಗ್ರಂಥಪಾಲಕನಾಗಿರಬಹುದು, ಊರಿನ ಶಾಲೆಯ ಮಾಸ್ತರರಾಗಿರಬಹುದು, ತನಗಿಂತ ನಾಲ್ಕು ವರ್ಷ ಮೊದಲು ಅದೇ ತರಗತಿಯಿಂದ ಹೊರಬಿದ್ದ ಓಣಿಯ ಅಕ್ಕನಾಗಿರಬಹುದು. ಕೈಯಲ್ಲಿ ತಾನು ಮಾಡಿದ ಒಂದಿಷ್ಟು ಕೆಲಸವನ್ನು ಹಿಡಿದು, ಸಂಕೋಚವನ್ನು ಬಿಟ್ಟು, ಅವರ ಬಾಗಿಲಿಗೆ ಹೋಗಬೇಕು. ಹೊಂಬಳದಿಂದ ಬಂದ ಪ್ರಕಾಶಕರೊಬ್ಬರೂ ಗದಗಿನ ವಿಮರ್ಶಕರೊಬ್ಬರೂ ಕಡಲಾಚೆಗೆ ಹೋದ ವಿದ್ಯಾರ್ಥಿಯನ್ನು ಕನ್ನಡಕ್ಕೆ ಉಳಿಸಿಕೊಟ್ಟರು. ಅಂಥ ಹಿರಿಯರು ಇಂದಿಗೂ ಊರೂರಿನಲ್ಲಿದ್ದಾರೆ. ಅವರಲ್ಲಿ ಅನೇಕರನ್ನು ಇದುವರೆಗೆ ಯಾರೂ ಏನನ್ನೂ ಕೇಳಿಲ್ಲ, ಅಷ್ಟೆ.